ಮೂರನೆಯ ಇಳಿತ

ಇವತ್ತು ಏನೇ ಆಗಲಿ, ಬಾಯಿ ಬಿಡಬಾರದು. ಹೆಲಿಕಾಪ್ಟರ್ ಜುಹು ಕಿನಾರೆ ದಾಟಿ ಕತ್ತಲ ಕಡಲಿನ ಮೇಲೆ ಬಂದಾಗಲೂ ಹಣಮಂತ ಹಲ್ಲು ಕಚ್ಚಿಯೇ ಕೂತಿದ್ದ.

ಮುಂಬಯಿಯ ಕಡಲಲ್ಲಿ ತೈಲ ಸಿಕ್ಕು ಎರಡು ವರ್ಷವಾಗಿತ್ತು. ರಾತ್ರಿ ಹೊತ್ತು ತೈಲ ತೆಗೆಯುವ ರಿಗ್ಗಿನ ಡೆಕ್ ಮೇಲೆ ಇಳಿಯುವ ಪರೀಕ್ಷೆಯಲ್ಲಿ ಹಣಮಂತ ಎರಡು ಸಲ ಫೇಲಾಗಿದ್ದ. ಇದೂ ಹೋದರೆ ಪೈಲಟ್ ಕೆಲಸವೇ ಕೈತಪ್ಪುತ್ತದೆ. ಘಾಟ್ಕೋಪರಿನ ಚಾಳಿನಲ್ಲಿ ತಲೆಯೆತ್ತಿ ನಡೆಯುವುದು ಈಗಲೇ ಕಷ್ಟವಾಗಿತ್ತು.

ತಪ್ಪು ಎಲ್ಲಿದೆ ಎಂದು ತೋರಿಸಿಕೊಟ್ಟವನು ನೆರೆಮನೆಯ ಚಂದ್ರಾಮ. ಅವನು ಹೆಲಿಕಾಪ್ಟರನ್ನು ನೆಲದಿಂದ ನೋಡಿದ್ದಷ್ಟೇ; ಆದರೂ ಸಲಹೆಗೇನೂ ಬರವಿರಲಿಲ್ಲ. ಹಣಮಂತನಿಗೆ ಹಾರುವಾಗ ಎಲ್ಲವನ್ನೂ ಮಗ್ಗಿ ಒಪ್ಪಿಸಿದಂತೆ ಗಟ್ಟಿಯಾಗಿ ಹೇಳುವ ಅಭ್ಯಾಸ: ಎತ್ತರ ಇಷ್ಟು, ಡೆಕ್ ಎಡಕ್ಕೆ, ದೀಪ ಎಂಟು. "ನಿನ್ನ ವಟವಟಾ ಕೇಳಿ ಸಾಹೇಬರ ತಲಿ ಕೆಟ್ಟಿರಬೇಕು. ಸುಮ್ಮ ಕುಂದರಲೇ" ಎಂದಿದ್ದ ಚಂದ್ರಾಮ.

ಸಾಹೇಬರೆಂದರೆ ಪಕ್ಕದ ಸೀಟಿನಲ್ಲಿದ್ದ ಚೆನ್ನಯ, ಉಡುಪಿ ಕಡೆಯವರು. ಇಪ್ಪತ್ತೆರಡು ವರ್ಷ ಹಾರಿದ ಮನುಷ್ಯ. ಉಳಿದ ಹುಡುಗರನ್ನು ಬೇರೆಯವರಿಗೆ ಬಿಟ್ಟು ಹಣಮಂತನಿಗೆ ಮಾತ್ರ ತಾವೇ ಕಲಿಸುತ್ತಿದ್ದರು; ಪರೀಕ್ಷೆ ಮಾಡುವವರೂ ಅವರೇ. ಇವತ್ತೂ ಅವನ ಹೆಗಲ ಮೇಲೆ ಕೈಯಿಟ್ಟುಕೊಂಡೇ ಹೆಲಿಕಾಪ್ಟರಿನವರೆಗೆ ನಡೆದು ಬಂದಿದ್ದರು. ಎರಡು ಸಲವೂ ವರದಿಯಲ್ಲಿ ಬರೆದದ್ದು ಒಂದೇ ಮಾತು: ಇನ್ನೂ ಕೆಲವು ತಿಂಗಳು ನನ್ನ ಜೊತೆಗೇ ಹಾರಲಿ.

"ಎಂತ ಮಾರಾಯ, ಬಾಯಿಗೆ ಬೀಗವಾ? ಎತ್ತರ ಎಷ್ಟು?"

"ಎಲ್ಲಾ ಬರೋಬ್ಬರಿ ಐತ್ರಿ ಸರ."

"ಡೆಕ್ ಎಲ್ಲುಂಟು?"

ಕೆಣಕಿ ನೋಡುತ್ತಿದ್ದಾರೆ ಎಂದುಕೊಂಡ ಹಣಮಂತ. "ಚಿಂತಿ ಬ್ಯಾಡ್ರಿ ಸರ."

ಚೆನ್ನಯರು ಸೀಟಿನ ಅಂಚು ಹಿಡಿದುಕೊಂಡರು. ಹಣಮಂತ ಮನಸ್ಸಿನಲ್ಲೇ ಎಣಿಸಿದ. ಮುನ್ನೂರು ಅಡಿ, ಇನ್ನೂರು, ನೂರು. ಗಾಳಿ ಒಮ್ಮೆ ಬದಿಗೆ ತಳ್ಳಿತು, ಸಾವರಿಸಿಕೊಂಡ. ಚಕ್ರಗಳು ಬಿಳಿ ವೃತ್ತದ ನಟ್ಟನಡುವೆ ಕೂತವು. ಇಷ್ಟು ಚೊಕ್ಕವಾಗಿ ಅವನು ಯಾವತ್ತೂ ಇಳಿದಿರಲಿಲ್ಲ.

ಚೆನ್ನಯರ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಫೇಲ್" ಎಂದರು. "ಇನ್ನು ನೀನು ಹಾರುವುದು ಬೇಡ. ನಾಳೆಯೇ ಬರೆದು ಕೊಡ್ತೇನೆ."

"ಯಾಕ್ರಿ ಸರ?"

"ಯಾಕಂತ ಕೇಳ್ತೀಯಾ? ಡೆಕ್ಕಿನಲ್ಲಿ ಒಂದು ದೀಪವೂ ಹಚ್ಚಿಲ್ಲ. ಇಂಥ ಕತ್ತಲೆಗೆ ಇಳಿಸಿ ಇಬ್ಬರನ್ನೂ ಕೊಲ್ತಿದ್ದೆಯಲ್ಲ ಮಾರಾಯ."

ಹಣಮಂತ ಸುತ್ತ ನೋಡಿದ. ಎಂಟೂ ದೀಪ ಉರಿಯುತ್ತಿದ್ದವು. ಒಂದರ ಬೆಳಕು ಚೆನ್ನಯರ ತೆರೆದ ಕಣ್ಣುಗಳ ಮೇಲೇ ಬಿದ್ದಿತ್ತು.