ಎರಡಡಿಯ ಕೋಲು

ಪೊಲೀಸ್ ಕುದುರೆಪಡೆಯಲ್ಲಿ ಮೂವತ್ತು ವರ್ಷ ಸವೆಸಿ ಬಂದ ದಫೇದಾರ್ ಜವರಯ್ಯನಿಗೂ ಸರದಾರನೆಂಬ ಈ ಎಳೆಯ ಕುದುರೆ ನೀರು ಕುಡಿಸಿತ್ತು. ಜಿಗಿತದ ಪಂದ್ಯಕ್ಕೆ ತಯಾರಾಗಬೇಕಿದ್ದ ಸರದಾರ ಮೂರು ತಿಂಗಳಾದರೂ ಎರಡಡಿ ಎತ್ತರಕ್ಕೆ ಅಡ್ಡ ಕಟ್ಟಿದ ಕೋಲು ಹಾರಿರಲಿಲ್ಲ. ಚಂದವಾಗಿ ಓಡಿ ಬರುತ್ತಿತ್ತು, ಕೋಲಿನೆದುರು ಗಕ್ಕನೆ ನಿಂತು ಗಡಗಡ ನಡುಗುತ್ತಿತ್ತು. ಜವರಯ್ಯ ಪಾಪ ಎಂದು ಅದರ ಕತ್ತು ತಟ್ಟಿ, ಜೇಬಿನಿಂದ ಬೆಲ್ಲ ತೆಗೆದು ತಿನ್ನಿಸಿ ವಾಪಸ್ ಕರೆತರುತ್ತಿದ್ದ.

"ನಾಳೆ ಬೆಳಿಗ್ಗೆ ನಾನೇ ಬಂದು ನೋಡ್ತೀನಿ," ಎಂದರು ಸವಾರಿ ಶಾಲೆಯ ಒಡತಿ ಗಿರಿಜಮ್ಮ. "ಹಾರಲಿಲ್ಲ ಅಂದ್ರೆ ಮದುವೆ ಮೆರವಣಿಗೆಯವರಿಗೆ ಕೊಟ್ಬಿಡೋದೇ."

"ಎತ್ರ ಅಂದ್ರೆ ಅದ್ಕೆ ಜೀವಭಯ ಕಣಮ್ಮಾವ್ರೆ. ಇನ್ನೊಂದ್ ತಿಂಗ್ಳು ಕೊಡಿ."

"ಇಲ್ಲಿ ಭಯ ಇಲ್ಲದಿರೋದು ನನ್ನ ತೋಟದ ಕ್ಯಾರೆಟ್ ಕೀಳೋ ಕಳ್ಳನಿಗೆ ಮಾತ್ರ. ಸುತ್ತ ಐದಡಿ ಬೇಲಿ, ಗೇಟಿಗೆ ಬೀಗ, ಆದ್ರೂ ದಿನಾ ಒಂದು ಸಾಲು ಖಾಲಿ!"

"ಕೋತಿ ಕಾಟ ಇರ್ಬೇಕು ಬುಡಿ."

ಮರುದಿನ ಗಿರಿಜಮ್ಮ ಹೇಳಿದ್ದಕ್ಕಿಂತ ಅರ್ಧ ಗಂಟೆ ಮೊದಲೇ ಬಂದರು. ಸರದಾರನನ್ನು ಮೇಯಲು ಬಿಟ್ಟು, ಜವರಯ್ಯ ಯಾರೂ ನೋಡದಂತೆ ಕೋಲನ್ನು ಒಂದಡಿಗೆ ಇಳಿಸುತ್ತಿದ್ದ.

"ಏನ್ರೀ ಇದು, ದಫೇದಾರ್ರೇ?"

ಅವನು ತಡವರಿಸುವಷ್ಟರಲ್ಲಿ, ಪಕ್ಕದ ಕ್ಯಾರೆಟ್ ತೋಟದ ಬೇಲಿಯ ಮೇಲಿಂದ ಸರದಾರ ಹಕ್ಕಿಯಂತೆ ಹಾರಿ ಬಂದು ಮೈದಾನಕ್ಕಿಳಿಯಿತು. ಬೇಲಿಗೆ ಗೊರಸಿನ ತುದಿಯೂ ತಾಗಿರಲಿಲ್ಲ.

ಇಬ್ಬರನ್ನೂ ಕಂಡದ್ದೇ ತಡ, ಅದು ಬಾಯಲ್ಲಿದ್ದ ಸೊಪ್ಪನ್ನು ಸರಕ್ಕನೆ ನುಂಗಿ, ಒಂದಡಿಯ ಕೋಲಿನ ಮುಂದೆ ಬಂದು ನಿಂತು, ಗಡಗಡ ನಡುಗತೊಡಗಿತು.