ಒಳಗಿನಿಂದ ಚಿಲಕ

“ಅಮ್ಮಾ, ಬಾಗಿಲು ತೆಗಿ!”

ಗುಬ್ಬಿ ಎರಡೂ ಕೈಗಳಿಂದ ಬಾಗಿಲು ಬಡಿಯುತ್ತಿದ್ದಳು. ಒಳಗೆ ತಾಯಿ ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದಳು. ಎದ್ದು ಕೈ ಚಾಚಿದರೆ ಚಿಲಕ ಸಿಗುತ್ತಿತ್ತು. ತೆಗೆಯುವ ಹಾಗಿರಲಿಲ್ಲ.

“ಅಪ್ಪನ ಹತ್ರ ಹೋಗು ಚಿನ್ನಾ.”

“ಅಪ್ಪಂಗೆ ಜಡೆ ಹಾಕಕ್ಕೆ ಬರಲ್ಲ!”

ಅಪ್ಪನಿಗೆ ಬಾರದ ವಿದ್ಯೆ ಅದೊಂದೇ ಆಗಿದ್ದರೆ ಚಿಂತೆಯಿರಲಿಲ್ಲ. ಅವನು ಬಸ್ ಡ್ರೈವರ್. ಊರಿಗೆ ರೋಗ ಬಂದು ಬಸ್ಸುಗಳು ನಿಂತ ದಿನ ಅವನೂ ನಿಂತುಬಿಟ್ಟ. ಸೋಫಾದ ಮೇಲೆ ಕುಳಿತವನು ಏಳಲೇ ಇಲ್ಲ. ತಾಯಿಯ ಕೆಲಸ ಮಾತ್ರ ನಿಲ್ಲಲಿಲ್ಲ. ಅವಳು ವಿದ್ಯುತ್ ಕಚೇರಿಯ ದೂರು ವಿಭಾಗದವಳು; ಕಚೇರಿ ಮುಚ್ಚಿದ ಮೇಲೆ ದೂರುಗಳೆಲ್ಲ ಮನೆಗೇ ಬಂದವು. ಕರೆಂಟ್ ಹೋದವರ ಬೈಗುಳ ಕಿವಿಯಲ್ಲಿ ಕೇಳುತ್ತಲೇ ಗುಬ್ಬಿಗೆ ತುತ್ತಿಡಬೇಕು, ದೊಡ್ಡ ಮಗನಿಗೆ ಆನ್‌ಲೈನ್ ಪಾಠ ಹಚ್ಚಿಕೊಡಬೇಕು. ಇದರ ನಡುವೆ ಶಾಲೆಯ ಹೆಡ್ ಮೇಡಮ್ ದಿನಾ ಬೆಳಿಗ್ಗೆ ತಾಯಂದಿರ ಗ್ರೂಪಿಗೆ ಧೈರ್ಯ ತುಂಬುವ ಮಾತು ಕಳಿಸುತ್ತಿದ್ದರು. ‘ತಾಯಂದಿರೇ, ನಗುನಗುತ್ತಾ ಇರಿ. ಮಕ್ಕಳ ಜೊತೆ ಕಾಗದದ ದೋಣಿ ಮಾಡಿ.’ ಒಮ್ಮೆ ಅದನ್ನು ಕೇಳಿದವಳೇ ಫೋನನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಮುಚ್ಚಿದ್ದಳು.

ಆಮೇಲೆ ಒಂದು ದಿನ ಮೈಕೈ ನೋವು, ತಲೆಸುತ್ತು. ಪಾತ್ರೆ ತೊಳೆಯುತ್ತಿದ್ದವಳು ಅಲ್ಲೇ ಕುಸಿದಳು. ಗಂಡ ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸಿದ. ಸಂಜೆ ಆಸ್ಪತ್ರೆಯಿಂದ ಅವಳಿಗೆ ಫೋನ್ ಬಂತು. ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡಳು. ಮಾತು ಮುಗಿದ ಮೇಲೂ ಬಹಳ ಹೊತ್ತು ಅಲ್ಲೇ ನಿಂತಿದ್ದಳು. ಆಮೇಲೆ ಒಂದು ಹೊದಿಕೆ, ನೀರಿನ ಬಾಟಲಿ ಎತ್ತಿಕೊಂಡು ಕೋಣೆ ಸೇರಿ ಚಿಲಕ ಹಾಕಿಕೊಂಡಳು.

“ಬಂದಿದೆ ಕಣ್ರೀ,” ಎಂದಳು ಒಳಗಿನಿಂದ. “ಹದಿನಾಲ್ಕು ದಿನ ಯಾರೂ ಹತ್ರ ಬರಬಾರದು.”

“ಸರಿ,” ಎಂದ ಗಂಡ. ಅಷ್ಟೇ. ಜ್ವರ ಎಷ್ಟಿದೆ, ಉಸಿರಾಡಲು ಆಗುತ್ತಿದೆಯೇ, ಒಂದು ಮಾತಿಲ್ಲ. ಅವಳಿಗೆ ಅಳು ಬಂತು.

ಮೊದಮೊದಲು ಹಗಲು ರಾತ್ರಿಯ ಪರಿವೆಯೇ ಇರಲಿಲ್ಲ. ಕಷ್ಟಪಟ್ಟು ಕಣ್ಣು ಬಿಟ್ಟರೂ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎಚ್ಚರವಾದ ಮೇಲೆಯೇ ನಿಜವಾದ ಶಿಕ್ಷೆ ಶುರುವಾದದ್ದು. ಹಾಲು ಉಕ್ಕಿದ್ದು ಕೇಳುತ್ತದೆ, ಹೋಗಿ ಒಲೆ ಆರಿಸುವಂತಿಲ್ಲ. ಅಣ್ಣತಂಗಿ ಕಿತ್ತಾಡುವುದು ಕೇಳುತ್ತದೆ, ಬಿಡಿಸುವಂತಿಲ್ಲ. ಹೆತ್ತ ಮಕ್ಕಳು ಒಂದು ಹಲಗೆಯ ಆಚೆ ಅಳುತ್ತಿದ್ದರೆ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ಗಂಡ ಊಟ ತರುವಾಗ ಮಾಸ್ಕ್ ಕೂಡ ಹಾಕುತ್ತಿರಲಿಲ್ಲ. ಅವಳ ಎಂಜಲು ತಟ್ಟೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಹೋಗಿ ಮಕ್ಕಳ ತಟ್ಟೆಗಳ ಮೇಲೇ ಇಡುತ್ತಿದ್ದ.

“ರೀ, ಬೇರೆ ಇಡ್ರೀ! ಮಕ್ಕಳಿದಾರೆ ಮನೇಲಿ!” ಎಂದು ಬಾಗಿಲ ಸಂದಿಯಿಂದ ಕೂಗುತ್ತಿದ್ದಳು.

“ಹೂಂ,” ಎನ್ನುತ್ತಿದ್ದ. ಮರುದಿನ ಮತ್ತೆ ಅದೇ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಅಕ್ಕ ಆಗಾಗ ಫೋನ್ ಮಾಡುತ್ತಿದ್ದಳು. “ಧೈರ್ಯವಾಗಿರೇ. ಮಕ್ಕಳಿಗೆ ಬರಬಾರದು ಅಂತ ತಾನೇ ಒಬ್ಬಳೇ ಒದ್ದಾಡ್ತಿದೀಯ. ತಾಯಿ ಅಂದ್ರೆ ನಿನ್ನಂಥವಳು ಕಣೇ.”

“ಸಾಕು ಬಿಡೇ ಅಕ್ಕ,” ಎಂದು ಫೋನ್ ಇಟ್ಟು ದಿಂಬಿಗೆ ಮುಖ ಒತ್ತಿ ಅಳುತ್ತಿದ್ದಳು. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಪಾಡು, ಉಗುಳುವಂತಿಲ್ಲ, ನುಂಗುವಂತಿಲ್ಲ. ಅಕ್ಕನ ಹೊಗಳಿಕೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಇದು ಹತ್ತನೆಯ ದಿನ. ಈಗ ಬಾಗಿಲ ಬಡಿತ ನಿಂತಿತ್ತು. ಕೆಳಗಿನ ಸಂದಿಯಿಂದ ಪುಟ್ಟ ಬೆರಳುಗಳು ಒಳಗೆ ಬಂದವು. ತಾಯಿಯ ಕೈ ತಾನಾಗಿ ಮುಂದೆ ಹೋಯಿತು. ಹಿಂದಕ್ಕೆಳೆದುಕೊಂಡಳು. ಒಂದು ಸಲ ಮುಟ್ಟಿದರೆ ತನ್ನನ್ನು ತಡೆಯಲು ತನ್ನಿಂದಲೇ ಆಗದು ಎಂದು ಅವಳಿಗೆ ಗೊತ್ತಿತ್ತು.

ಬೆರಳುಗಳು ಮಾಯವಾದವು. ಸ್ಟೂಲ್ ಎಳೆದ ಸದ್ದಾಯಿತು. ಬಾಗಿಲ ಮೇಲಿನ ಗಾಜಿನ ಕಿಂಡಿಯಲ್ಲಿ ಎರಡು ಕಣ್ಣು ಇಣುಕಿದವು.

“ಅಮ್ಮ ಕಂಡ್ಳು!”

“ಇಳಿಯೇ, ಬೀಳ್ತೀಯ! ರೀ! ರೀ!”

ಧಡ್ ಎಂದಿತು. ಆಮೇಲೆ ಏನೂ ಕೇಳಿಸಲಿಲ್ಲ.

ಚಿಲಕ ಯಾವಾಗ ತೆಗೆದಳೋ ಅವಳಿಗೇ ತಿಳಿಯದು. ಗುಬ್ಬಿಯನ್ನು ಬಾಚಿ ಎದೆಗವಚಿಕೊಂಡಳು. ಹಣೆಗೆ, ಕೆನ್ನೆಗೆ, ಮೂಗಿಗೆ ಮುತ್ತಿಟ್ಟಳು. ಆಗ ಮಗು ಕಿಟಾರನೆ ಕಿರುಚಿತು. ಹಣೆಯಲ್ಲಿ ಬುಗುಟು ಎದ್ದಿತ್ತು. ಬೇರೇನೂ ಆಗಿರಲಿಲ್ಲ.

“ಅಮ್ಮಾ, ಮುಟ್ಟಬೇಡ! ಗುಬ್ಬಿಗೂ ಬರುತ್ತೆ! ಗುಬ್ಬಿ ಸತ್ತೋಗ್ತಾಳೆ!”

ದೊಡ್ಡ ಮಗ ಗೋಡೆಗೆ ಅಂಟಿಕೊಂಡು ಕೂಗುತ್ತಿದ್ದ. ಅಡುಗೆಮನೆಯಿಂದ ಗಂಡ ಓಡಿ ಬಂದ. ಮೊಣಕೈವರೆಗೂ ಸೋಪಿನ ನೊರೆ. ಅವನು ಅವಳನ್ನು ತಡೆಯಲಿಲ್ಲ. ಹಿಂದೆ ಸರಿಯಲೂ ಇಲ್ಲ.

ಅವಳು ಮಗನ ಮುಖ ನೋಡಿದಳು. ಆ ಹೆದರಿಕೆಯನ್ನು ಅಲ್ಲಿಗೆ ತಂದಿಟ್ಟವಳು ತಾನೇ. ಇನ್ನು ಬಾಯಿಗೆ ಬೀಗ ಹಾಕಿಕೊಂಡಿರಲು ಆಗಲಿಲ್ಲ.

“ಬರಲ್ಲ ಕಣೋ,” ಎಂದಳು. “ನಂಗೇ ಬಂದಿಲ್ಲ. ಏನೂ ಇಲ್ಲ, ಸುಸ್ತು ಅಷ್ಟೇ ಅಂದ್ರು ಅವತ್ತು ಫೋನಲ್ಲಿ.” ಗಂಡನ ಕಡೆ ಕಣ್ಣೆತ್ತಲಾಗಲಿಲ್ಲ. “ನಾನೇ ಸುಳ್ಳು ಹೇಳ್ದೆ. ನಂಗೆ ಮಲಗಬೇಕಿತ್ತು ಕಣ್ರೀ. ಬೇರೆ ಹೇಗೆ ಕೇಳೋದು ಅಂತಾನೇ ಗೊತ್ತಾಗ್ಲಿಲ್ಲ.”

ಗಂಡ ಒದ್ದೆ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಅಳುವ ಗುಬ್ಬಿಯನ್ನು ಅವಳ ಕೈಯಿಂದ ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ.

“ಗೊತ್ತು, ಅವರು ಮೊದಲು ಫೋನ್ ಮಾಡಿದ್ದು ನನಗೇ,” ಎಂದ. “ಇನ್ನೂ ನಾಲ್ಕು ದಿನ ಇದೆಯಲ್ಲ, ಹೋಗಿ ಮಲಕ್ಕೋ.”