ಮಂಗಳವಾರದ ಟೇಪ್

"ಓದ್ಕೊಳ್ಳಿ," ಎಂದು ಜಯದೇವಪ್ಪ ಒಂದು ಕಾಗದವನ್ನು ಮೇಜಿನ ಮೇಲೆ ರಾಜಶ್ರೀಯ ಕಡೆಗೆ ತಳ್ಳಿದರು. ಜಯನಗರದ ಆ ರಕ್ತಪರೀಕ್ಷೆ ಲ್ಯಾಬಿಗೆ ಅವರು ಮ್ಯಾನೇಜರ್. ಹಣೆಯ ಮೇಲೆ ವಿಭೂತಿ, ಸೊಂಟದಲ್ಲಿ ಬೀರುವಿನ ಬೀಗದಕೈ. ಕಾಗದ ರಾಜಶ್ರೀ ಕೆಲಸ ಮಾಡುವ ಸರ್ವಿಸ್ ಕಂಪನಿಗೆ ಬರೆದದ್ದು. 'ಐದು ಮಂಗಳವಾರಗಳಿಂದ ನಮ್ಮ ಸರ್ವರ್‌ನ ಬ್ಯಾಕಪ್ ಆಗಿಲ್ಲ. ನಿಮ್ಮ ಇಂಜಿನಿಯರ್‌ಗೆ ಕೆಲಸ ಗೊತ್ತಿಲ್ಲ. ಇನ್ನು ಮುಂದೆ ಇವರನ್ನು ಕಳಿಸಬೇಡಿ.' ಕೆಳಗೆ ಸಹಿಯ ಜಾಗ ಮಾತ್ರ ಖಾಲಿ ಇತ್ತು.

ಕೆಲಸ ಗೊತ್ತಿಲ್ಲವಂತೆ! ರಾಜಶ್ರೀಗೆ ಮೈಯೆಲ್ಲ ಉರಿದುಹೋಯಿತು. ಅವಳ ಕೆಲಸ ಕಾಯಂ ಆಗಲು ಇನ್ನು ಹತ್ತೇ ದಿನ ಬಾಕಿ. ಈ ಕಾಗದ ಕಂಪನಿಗೆ ಮುಟ್ಟಿತೆಂದರೆ ಕಾಯಂ ಹಾಗಿರಲಿ, ಕೆಲಸವೇ ಇಲ್ಲ. ಐದು ವಾರಗಳಿಂದ ಪ್ರತಿ ಬುಧವಾರ ಬೆಳಿಗ್ಗೆ ಸುದ್ದಗುಂಟೆಪಾಳ್ಯದ ರೂಮಿನಿಂದ ತಿಂಡಿಯನ್ನೂ ತಿನ್ನದೆ ಓಡಿಬಂದವಳು ಅವಳು. ಆಯಾ ದಿನದ ರಿಪೋರ್ಟುಗಳನ್ನು ಆಯಾ ದಿನದ ಟೇಪಿಗೆ ನಕಲು ಮಾಡುವ ಟೇಪ್ ಡ್ರೈವ್ ಕ್ಲೀನ್ ಮಾಡಿದ್ದಾಯಿತು, ಕೇಬಲ್ ಬದಲಿಸಿದ್ದಾಯಿತು, ಕೊನೆಗೆ ಡ್ರೈವನ್ನೇ ಕಿತ್ತು ಹೊಸದನ್ನು ಕೂರಿಸಿದ್ದೂ ಆಯಿತು. ಬೇರೆ ದಿನ ಬಾಯಿ ಮುಚ್ಚಿಕೊಂಡು ಕೆಲಸ ಮಾಡುವ ಯಂತ್ರ ಮಂಗಳವಾರ ಸಂಜೆ ನಾಲ್ಕಕ್ಕೆ ಮಾತ್ರ ಹಟ ಹಿಡಿಯುತ್ತಿತ್ತು: ಒಳಗಿರುವುದು ಸೋಮವಾರದ ಟೇಪ್, ಇದರ ಮೇಲೆ ಬರೆಯುವುದಿಲ್ಲ. ಬುಧವಾರ ಬಂದು ಡ್ರೈವಿನ ಬಾಗಿಲು ತೆಗೆದರೆ ಒಳಗೆ ಮಂಗಳವಾರದ್ದೇ ಟೇಪ್! ಅದಕ್ಕೇ ಇವತ್ತು ಯಾರೂ ಕರೆಯದಿದ್ದರೂ, ಮಂಗಳವಾರವೇ ಕಣ್ಣಾರೆ ನೋಡಿಬಿಡೋಣವೆಂದು ಬಂದಿದ್ದಳು.

"ಸಾರ್, ಟೇಪ್ ಬದಲಾಯ್ಸೋದು ದಿನಾ ನೀವೇ ಅಲ್ವಾ?"

"ಮತ್ತೆ ಇನ್ಯಾರು? ಹನ್ನೊಂದು ವರ್ಷ ಆಯ್ತು. ಮಧ್ಯಾಹ್ನದ ಕಾಫಿ ಕುಡಿದು, ಕೈ ತೊಳ್ಕೊಂಡು, ಬೀರು ತೆಗೆದು, ಆಯಾ ದಿನದ ಟೇಪ್ ನನ್ನ ಕೈಯಾರೆ ಹಾಕ್ತೀನಿ."

"ಮಂಗಳವಾರಾನೂ ಹಾಕ್ತೀರಾ?"

"ಹಾಕ್ತೀನಿ ಅಂತ ಎಷ್ಟು ಸಲ ಹೇಳ್ಬೇಕು? ನಾನೇನು ಸುಳ್ಳು ಹೇಳ್ತಿದ್ದೀನಾ?" ಜಯದೇವಪ್ಪನವರ ದನಿ ಏರಿತು. "ದಿನಕ್ಕೆ ಮುನ್ನೂರು ಜನರ ರಿಪೋರ್ಟ್ ಇದರೊಳಗಿರತ್ತೆ. ನಾಳೆ ಸರ್ವರ್ ಕೈ ಕೊಟ್ರೆ, ಮಂಗಳವಾರ ರಕ್ತ ಕೊಟ್ಟೋರಿಗೆ ನಾನೇನು ಹೇಳ್ಲಿ? ಇನ್ನೊಂದ್ಸಲ ಚುಚ್ಚಿಸ್ಕೊಳ್ಳಿ ಅನ್ಲಾ?"

ಅದು ನಿಜವಾದ ಮಾತೇ. ಅದಕ್ಕೇ ಇನ್ನಷ್ಟು ಚುಚ್ಚಿತು. "ಸರಿ ಸಾರ್, ಸಹಿ ಹಾಕಿ ಕೊಟ್ಬಿಡಿ. ನಾನೇ ತಗೊಂಡು ಹೋಗಿ ಕೊಡ್ತೀನಿ," ಎಂದಳು ರಾಜಶ್ರೀ. ಜಯದೇವಪ್ಪ ಪೆನ್ನಿನ ಕ್ಯಾಪ್ ತೆಗೆದರು. ಗೋಡೆಯ ಗಡಿಯಾರ ನೋಡಿದರು. ನಾಲ್ಕಕ್ಕೆ ಐದು ನಿಮಿಷ ಇತ್ತು. ಕ್ಯಾಪ್ ಮತ್ತೆ ಹಾಕಿದರು.

"ಕೂತ್ಕೊಳ್ಳಿ. ನಾಲ್ಕೂವರೆ ಆಗ್ಲಿ."

"ಯಾಕೆ ಸಾರ್?"

"ಮಂಗಳವಾರ ಅಲ್ವೇನಮ್ಮ? ಮೂರರಿಂದ ನಾಲ್ಕೂವರೆ ರಾಹುಕಾಲ. ಈ ಹೊತ್ತಲ್ಲಿ ಯಾರಾದ್ರೂ ಕಾಗದಕ್ಕೆ ಸಹಿ ಹಾಕ್ತಾರಾ?"

ರಾಜಶ್ರೀ ಕೂರಲಿಲ್ಲ. ಅವರ ಮುಖವನ್ನೇ ನೋಡುತ್ತ ನಿಂತಳು. ಐದು ನಿಮಿಷ ಕಳೆಯಿತೋ ಇಲ್ಲವೋ, ಪಕ್ಕದ ಗಾಜಿನ ಕೋಣೆಯಿಂದ ಸರ್ವರ್ ಕೀಂ ಕೀಂ ಎಂದು ಬಡಿದುಕೊಳ್ಳತೊಡಗಿತು. "ನೋಡಿದ್ರಾ! ಆರನೇ ವಾರ!" ಎಂದು ಜಯದೇವಪ್ಪ ಗೆದ್ದವರಂತೆ ಎದ್ದು ನಿಂತರು. ಅವಳು ಒಳಗೆ ಹೋಗಿ ಡ್ರೈವಿನ ಗುಂಡಿ ಒತ್ತಿ, ಹೊರಬಂದ ಟೇಪನ್ನು ಹಿಡಿದು ವಾಪಸ್ಸು ಬಂದಳು. ಅದರ ಮೇಲೆ ಅವರದೇ ದುಂಡು ಅಕ್ಷರದಲ್ಲಿ 'ಸೋಮವಾರ' ಎಂದು ಬರೆದಿತ್ತು.

"ಮಂಗಳವಾರದ್ದು ಎಲ್ಲಿದೆ ಸಾರ್?"

"ಬೀರುನಲ್ಲಿ. ಇನ್ನೆಲ್ಲಿರತ್ತೆ? ನಾಲ್ಕೂವರೆ ಕಳೀಲಿ, ಹಾಕ್ತೀನಿ."

ಎಷ್ಟು ಸಲೀಸಾಗಿ ಹೇಳಿಬಿಟ್ಟರು! ಆರು ಗಂಟೆಗೆ ನಡೆಯುತ್ತಿದ್ದ ಬ್ಯಾಕಪ್ಪನ್ನು, ಇಟ್ಟಮಡುವಿನ ಮನೆಗೆ ಬೇಗ ಹೋಗಬೇಕೆಂದು, ಐದು ವಾರದ ಹಿಂದೆ ನಾಲ್ಕು ಗಂಟೆಗೆ ಮಾಡಿಸಿಕೊಂಡವರೂ ಈ ಪುಣ್ಯಾತ್ಮರೇ. ರಾಜಶ್ರೀ ಬೆಂಗಳೂರಿಗೆ ಬಂದ ಮೇಲೆ ಜೋಪಾನವಾಗಿ ಕಲಿತಿದ್ದ ಇಲ್ಲಿನ ಮಾತೆಲ್ಲ ಹಾರಿಹೋಗಿ, ಬಾಯಿಗೆ ಸೀದಾ ವಿಜಯಪುರದ್ದೇ ಬಂತು.

"ಅಯ್ಯ ನಮ್ಮವ್ವ! ಐದು ವಾರ ನನ್ನ ಜೀವಾ ತಿಂದ್ರಲ್ರಿ! ಇದ್ದ ಡ್ರೈವ್ ಕಿತ್ತಿಸಿ ಹೊಸಾದು ಹಾಕಿಸಿದ್ರಿ. ರಾಹುಕಾಲದಾಗ ಟೇಪ್ ಮುಟ್ಟೂದಿಲ್ಲ ಅಂತ ಒಂದ ಮಾತು ಹೇಳಾಕ ಆಗ್ಲಿಲ್ಲೇನ್ರಿ?"

"ನೀವು ಕೇಳಿದ್ರಾ? ಹಾಕಿದ್ದೀರಾ ಅಂದ್ರಿ, ಹಾಕಿದ್ದೀನಿ ಅಂದೆ. ಎಷ್ಟೊತ್ತಿಗೆ ಹಾಕಿದ್ರಿ ಅಂತ ಯಾರು ಕೇಳಿದ್ರು?" ಎನ್ನುತ್ತಿದ್ದಂತೆಯೇ ಜಯದೇವಪ್ಪನವರ ಕಣ್ಣು ಅವಳ ಕೈಯಲ್ಲಿದ್ದ ಟೇಪಿಗೆ ಹೋಯಿತು, ಅಲ್ಲಿಂದ ಗಡಿಯಾರಕ್ಕೆ, ಅಲ್ಲಿಂದ ಕಾಗದಕ್ಕೆ.

ರಾಜಶ್ರೀ ಕಾಗದವನ್ನು ಅವರ ಕಡೆಗೆ ತಿರುಗಿಸಿ, ಬೆರಳಿಟ್ಟು ತೋರಿಸಿದಳು. "ಇಲ್ಲಿ 'ಕೆಲಸ ಗೊತ್ತಿಲ್ಲ' ಅಂತ ಬರದೀರಲ್ಲ, ಅದನ್ನ ಹೊಡದು ಹಾಕ್ರಿ. ಬ್ಯಾಕಪ್ ಯಾಕ ಆಗ್ಲಿಲ್ಲ ಅನ್ನೂದನ್ನ ನಿಮ್ಮ ಕೈಯಾರೆ ಬರೀರಿ. ಬರದು ಸಹಿ ಹಾಕ್ರಿ. ಈಗ."

ಜಯದೇವಪ್ಪ ಪೆನ್ನು ತೆಗೆದುಕೊಂಡರು. ಕೈ ಕಾಗದದ ತನಕ ಹೋಗಿ ಅಲ್ಲೇ ನಿಂತಿತು. ಗಡಿಯಾರದಲ್ಲಿ ನಾಲ್ಕು ಗಂಟೆ ಹತ್ತು ನಿಮಿಷ.

"ಇಪ್ಪತ್ತು ನಿಮಿಷ ತಡ್ಕೋಬಾರ್ದೇನಮ್ಮ?" ಎಂದರು, ದನಿ ಇಳಿಸಿ.

ರಾಜಶ್ರೀ ಸೋಮವಾರದ ಟೇಪನ್ನು ಆ ಕಾಗದದ ಮೇಲೆ ಟಪ್ಪೆಂದು ಇಟ್ಟು, ಕುರ್ಚಿ ಎಳೆದುಕೊಂಡು ಅವರ ಎದುರಿಗೇ ಕೂತಳು.

"ತಡೀತೀನ್ರಿ. ಐದು ವಾರದಿಂದ ನನಗ ರಾಹುಕಾಲಾನ ನಡದೈತಿ. ಇನ್ನಿಪ್ಪತ್ತು ನಿಮಿಷ ಏನ್ ಹೆಚ್ಚಲ್ಲ."